ಬೊಲೊನ್ಯಾದಿಂದ ಕಾಣುವ ತಿರುವು

ಆ ಕೋಣೆಯಲ್ಲಿ ಮೊದಲ ಬೆಳಗ್ಗೆ ಎಚ್ಚರವಾದಾಗ ಬೆತ್ತಲೆ ಮಕ್ಕಳ ಹಿಂಡೊಂದು ನನ್ನನ್ನು ನೋಡುತ್ತಿತ್ತು. ಕೆಲವಕ್ಕೆ ರೆಕ್ಕೆ ಇತ್ತು, ಒಂದರ ಕೈಯಲ್ಲಿ ಹೂವಿನ ಮಾಲೆ ಇತ್ತು, ಎಲ್ಲವೂ ಮೋಡದ ಮೇಲೆ ಕೂತು ಕತ್ತು ಬಗ್ಗಿಸಿ ನನ್ನ ಮಂಚದ ಕಡೆಗೇ ದೃಷ್ಟಿ ನೆಟ್ಟಿದ್ದವು. ನಾನು ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡೆ. ಹಿಂದಿನ ಸಂಜೆ ಪೆಟ್ಟಿಗೆ ಹೊತ್ತು ಸುಸ್ತಾಗಿ ಬಂದು ಬಿದ್ದುಕೊಂಡಿದ್ದವಳು ತಲೆಯೆತ್ತಿ ಮೇಲ್ಛಾವಣಿಯ ಚಿತ್ರ ನೋಡಿರಲಿಲ್ಲ. ಪಕ್ಕದ ಮಂಚದಿಂದ ಕಿಯಾರಾ ನಕ್ಕಳು. ಅವಳು ಇಟಲಿಯ ದಕ್ಷಿಣದ ತುದಿಯ ಹಳ್ಳಿಯವಳು, ಕೋಣೆಯ ಇನ್ನರ್ಧದ ಬಾಡಿಗೆದಾರಳು. "ಹೆದರಬೇಡ, ಅವು ನೂರಾರು ವರ್ಷದಿಂದ ಅಲ್ಲೇ ಇವೆ. ನೋಡುವುದು ಬಿಟ್ಟು ಬೇರೆ ಕೆಲಸ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಅಂಥ ಅರ್ಧ ಕೋಣೆ ಸಿಕ್ಕಿದ್ದೂ ಪುಣ್ಯವೇ. ಬೊಲೊನ್ಯಾ ಎಂಬ ಈ ಹಳೆಯ ಊರಿನಲ್ಲಿ ಎಲ್ಲಿ ನೋಡಿದರೂ ವಿದ್ಯಾರ್ಥಿಗಳು, ಎಲ್ಲರಿಗೂ ಕೋಣೆ ಬೇಕು. ಕೋಣೆ ಹುಡುಕುವುದೆಂದರೆ ನಮ್ಮಲ್ಲಿ ಹೆಣ್ಣು ನೋಡಲು ಬಂದಂತೆಯೇ. ಸೋಫಾದಲ್ಲಿ ಕೂರಿಸಿ ಊರು ಯಾವುದು, ಎಷ್ಟು ಹೊತ್ತಿಗೆ ಮಲಗುತ್ತೀ, ಒಗ್ಗರಣೆ ಹಾಕುತ್ತೀಯಾ ಎಂದೆಲ್ಲ ವಿಚಾರಿಸುತ್ತಾರೆ. ಕೊನೆಗೆ ತಿಳಿಸುತ್ತೇವೆ ಎನ್ನುತ್ತಾರೆ, ತಿಳಿಸುವುದಿಲ್ಲ. ಹೀಗೆ ಎಷ್ಟೋ ಸೋಫಾಗಳಲ್ಲಿ ಕೂತೆದ್ದ ಮೇಲೆ ಕಿಯಾರಾ ಒಪ್ಪಿದಳು. ಅವಳ ಮನೆಯಲ್ಲಿಯೂ ಮೆಣಸು ಒಣಗಿಸುತ್ತಾರಂತೆ, ಖಾರದ ವಾಸನೆ ಅವಳಿಗೆ ಹೊಸತಲ್ಲ.

ನಾನು ಕಲಿಯಲು ಬಂದದ್ದು ಸಸ್ಯಗಳ ರೋಗಶಾಸ್ತ್ರ. ಹೊರಡುವಾಗ ನಮ್ಮ ನೆರೆಮನೆಯ ಕುಶಾಲಣ್ಣ, "ಎಂತ ಮಾರಾಯ್ತಿ, ಗಿಡದ ರೋಗ ನೋಡ್ಲಿಕ್ಕೆ ವಿಮಾನ ಹತ್ತಬೇಕಾ? ನಮ್ಮ ತೋಟಕ್ಕೆ ಬಂದಿದ್ರೆ ಎಲ್ಲಾ ರೋಗ ಒಂದೇ ಕಡೆ ಉಂಟು" ಎಂದು ಕಾಲೆಳೆದಿದ್ದರು. ಅಪ್ಪ ಮಾತ್ರ ಪೇಟೆಗೆ ಹೋಗಿ ಒಂದು ಗಟ್ಟಿ ಕೊಡೆ ತಂದುಕೊಟ್ಟರು.

ಆ ಕೊಡೆ ಇವತ್ತಿಗೂ ಮಂಚದ ಕೆಳಗೆ ಹಾಗೇ ಇದೆ. ಇಲ್ಲಿ ರಸ್ತೆಯ ಎರಡೂ ಬದಿಯ ಮನೆಗಳು ಮುಂದಕ್ಕೆ ಚಾಚಿ, ಕಂಬಗಳ ಮೇಲೆ ನಿಂತು, ನಡೆಯುವವರಿಗೆ ನೆರಳು ಕೊಡುತ್ತವೆ. ಇದಕ್ಕೆ ಪೋರ್ತಿಕೊ ಎನ್ನುತ್ತಾರೆ. ಮನೆ ಬಾಗಿಲಿನಿಂದ ಕಾಲೇಜಿನವರೆಗೆ, ಅಲ್ಲಿಂದ ಸಂತೆಯವರೆಗೆ, ಊರಿಡೀ ಒಂದೇ ಉದ್ದದ ಜಗಲಿ. ಎಷ್ಟು ಜೋರು ಮಳೆ ಬಂದರೂ ತಲೆ ಒದ್ದೆಯಾಗುವುದಿಲ್ಲ. ಮೊದಮೊದಲು ಜಗಲಿಯಲ್ಲಿ ನಡೆಯುವಾಗೆಲ್ಲ ಯಾರಾದರೂ ಒಳಗಿನಿಂದ ಇಣುಕಿ "ಕೂತ್ಕೊಳ್ಳಿ, ಆಸರಿಗೆ ಕುಡಿಲಿಕ್ಕೆ ಎಂತ ಬೇಕು?" ಎಂದು ಕೇಳಿಯಾರು ಎಂದು ಅನಿಸುತ್ತಿತ್ತು. ಬಾಗಿಲುಗಳೆಲ್ಲ ಆಳೆತ್ತರಕ್ಕೂ ಮಿಕ್ಕಿದವು, ಎಲ್ಲವೂ ಮುಚ್ಚಿರುತ್ತಿದ್ದವು.

ಯಾರಾದರೂ ಮನೆಗೆ ಕರೆದರೆ ಹೊಸಿಲಿನಲ್ಲಿ ನಿಂತು "ಪೆರ್ಮೆಸ್ಸೊ" ಎನ್ನಬೇಕು. ಅಪ್ಪಣೆಯೇ ಎಂದು ಅರ್ಥ. ಬಾಗಿಲು ತೆರೆದು ಬಾ ಎಂದು ಕೈಹಿಡಿದು ಎಳೆಯುತ್ತಿದ್ದರೂ ಅದನ್ನು ಹೇಳಬೇಕು. ನಮ್ಮಲ್ಲಿ ಅಂಗಳದ ತುದಿಯಿಂದಲೇ "ಇದ್ದೀರಾ?" ಎಂದು ಕೂಗಿ, ಉತ್ತರ ಬರುವ ಮೊದಲು ಅಡಿಗೆಮನೆ ಸೇರಿಯಾಗಿರುತ್ತದೆ. ಇನ್ನೊಂದು ವಿಚಿತ್ರವೆಂದರೆ ಮಧ್ಯಾಹ್ನದ ಊಟ ಮುಗಿದರೆ ಸಾಕು, ಈ ಊರಿನವರು "ಬುವೊನಾಸೆರಾ", ಅಂದರೆ ಶುಭಸಂಜೆ, ಎನ್ನತೊಡಗುತ್ತಾರೆ. ನೆತ್ತಿಯ ಮೇಲೆ ಸೂರ್ಯನಿದ್ದರೂ ಅವರಿಗೆ ಸಂಜೆಯೇ. ಊಟದ್ದು ಹೇಳುವುದಾದರೆ, ಹಂದಿ ತಿನ್ನುವ ಮನೆಯಿಂದ ಬಂದವಳಾದ್ದರಿಂದ ನಾನು ಉಪವಾಸ ಬೀಳಲಿಲ್ಲ. ಆದರೆ ಮೊರ್ತದೆಲ್ಲಾ ಎಂಬ ಇಲ್ಲಿನ ಹೆಸರಾಂತ ಹಂದಿಮಾಂಸವನ್ನು ತಣ್ಣಗೆ, ಕಾಗದದಷ್ಟು ತೆಳ್ಳಗೆ ಕೊಯ್ದು ಕೊಟ್ಟಾಗ, ಕರಿಮೆಣಸು ಅರೆದು ಹಾಕಿ ಅವ್ವ ಕುದಿಸುವ ಪಾತ್ರೆ ನೆನಪಾಗಿ ಸಿಟ್ಟೇ ಬಂತು.

ನಮ್ಮ ಮನೆ ಸುಳ್ಯ ತಾಲೂಕಿನ ಗುತ್ತಿಗಾರು ಪೇಟೆಯಿಂದ ಒಳಗೆ, ಕಾಡಿನ ಅಂಚಿಗೆ. ಅಪ್ಪನಿಗೆ ಪೇಟೆಯಲ್ಲಿ ಪಂಪು ರಿಪೇರಿಯ ಅಂಗಡಿ, ರಾತ್ರಿ ಎಂಟರ ಹೊತ್ತಿಗೆ ಬಾಗಿಲು ಹಾಕಿ ಸ್ಕೂಟರಿನಲ್ಲಿ ಬರುತ್ತಾರೆ. ತಮ್ಮ ಪುತ್ತೂರಿನಲ್ಲಿ ಹಾಸ್ಟೆಲ್ ವಾಸಿ. ಪೇಟೆ ದಾಟಿದರೆ ಮನೆಯ ತನಕ ಮೊಬೈಲಿಗೆ ರೇಂಜ್ ಇಲ್ಲ, ಒಂದು ತಿರುವನ್ನು ಬಿಟ್ಟು. ಹಲಸಿನ ಮರದ ಆ ತಿರುವಿಗೆ ಬಂದಕೂಡಲೇ ಜೇಬಿನಲ್ಲಿದ್ದ ಫೋನು ಅಷ್ಟು ಹೊತ್ತಿನ ಮೆಸೇಜುಗಳನ್ನೆಲ್ಲ ಒಮ್ಮೆಗೇ ಕಕ್ಕುತ್ತದೆ. ಬೈಕಿನವರು, ಜೀಪಿನವರು, ನಡೆದು ಹೋಗುವವರು, ಎಲ್ಲರೂ ಅಲ್ಲಿ ನಿಂತು ಫೋನು ತೆಗೆದು ನೋಡಿಯೇ ಮುಂದೆ ಹೋಗುವುದು ರೂಢಿ. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಪರೀಕ್ಷೆಯ ಫಲಿತಾಂಶ ಎಲ್ಲ ನಮ್ಮ ಕಡೆಯವರಿಗೆ ತಿಳಿಯುವುದು ಆ ತಿರುವಿನಲ್ಲಿ. ನನಗೆ ಇಲ್ಲಿ ಸೀಟು ಸಿಕ್ಕಿದೆ ಎಂದು ಅಪ್ಪ ಓದಿದ್ದೂ ಅಲ್ಲಿಯೇ, ಒಂದು ಕಾಲು ನೆಲಕ್ಕೂರಿ.

ಆನೆಗಳು ರಸ್ತೆಗಿಳಿಯುವುದೂ ಅಲ್ಲಿಂದಲೇ. ನಾನು ಚಿಕ್ಕವಳಿದ್ದಾಗ ಆನೆ ಎಂದರೆ ಅಪರೂಪದ ಮಾತು, ಈಗ ನೆಂಟರ ಹಾಗೆ ಬಂದುಹೋಗುತ್ತವೆ. ಹಾಗಾಗಿ ಅಪ್ಪ ಮತ್ತು ಕುಶಾಲಣ್ಣ ಸೇರಿ ತಿರುವಿನಲ್ಲಿ ಕಬ್ಬಿಣದ ಪೈಪು ನೆಟ್ಟು ಕ್ಯಾಮರಾ ಕಟ್ಟಿದರು. ಒಳಗೆ ಸಿಮ್ ಹಾಕುವಂಥದ್ದು, ಬಿಸಿಲಿನಿಂದಲೇ ಚಾರ್ಜ್ ಆಗುವಂಥದ್ದು. ಕ್ಯಾಮರಾ ಏನೋ ಬಂತು, ನೋಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ದುಡಿದು ಬಂದವರಿಗೆ ಕಣ್ಣು ಎಳೆಯುತ್ತದೆ. ಆಗ ಕುಶಾಲಣ್ಣನಿಗೆ ಹೊಳೆಯಿತು.

"ಅಲ್ಲಾ, ನಮಗೆ ಕತ್ತಲಾಗುವಾಗ ಭವ್ಯಂಗೆ ಅಲ್ಲಿ ಹಗಲಲ್ವಾ? ಅವಳು ಹೇಗೂ ಎಚ್ಚರ ಇರ್ತಾಳೆ. ಅವಳೇ ನೋಡ್ಲಿ."

ಹೀಗೆ ನಾನು ಇಟಲಿಯಲ್ಲಿ ಕೂತು ಗುತ್ತಿಗಾರಿನ ರಾತ್ರಿ ಕಾಯುವವಳಾದೆ. ಚಳಿಗಾಲದಲ್ಲಿ ಊರಿನ ರಾತ್ರಿ ಎಂಟೆಂದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ಎಲೆಚುಕ್ಕಿ ರೋಗದ ಪಾಠ ನಡೆಯುವಾಗ ಮೇಜಿನ ಕೆಳಗೆ ಫೋನು ತೆರೆದರೆ ಬಿಳಿ ಕಪ್ಪು ಬಣ್ಣದ ತಿರುವು, ಹಲಸಿನ ಮರದ ಬುಡ, ಬೆಳಕಿಗೆ ಬಂದು ಬಡಿಯುವ ಹುಳುಗಳು. ಆನೆ ಕಂಡರೆ ಊರಿನ ವಾಟ್ಸಾಪ್ ಗುಂಪಿಗೆ "ಆನೆ" ಎಂದು ಒಂದೇ ಪದ ಹಾಕಬೇಕು. ಪೇಟೆಯಲ್ಲಿರುವವರು ಅಲ್ಲೇ ಉಳಿಯುತ್ತಾರೆ, ಮನೆಯಲ್ಲಿರುವವರು ವೈಫೈಯಲ್ಲಿ ನೋಡಿ ಹೊರಗೆ ಕಾಲಿಡುವುದಿಲ್ಲ. ಮೊದಲ ಸಲ ನಾನು ಹಾಕಿದ ಒಂದು ಪದಕ್ಕೆ ಅಂಗಡಿಯಿಂದ ಹೊರಟವರೆಲ್ಲ ತಿರುಗಿ ಹೋಗಿ ಬೆಂಚಿನಲ್ಲಿ ಕೂತರಂತೆ. "ಇಟಲಿಯಿಂದ ಆರ್ಡರ್ ಬಂದಿದೆ ಮಾರಾಯ್ರೆ, ಯಾರೂ ಹೋಗ್ಬೇಡಿ" ಎಂದು ಅಪ್ಪ ಹೇಳಿದರಂತೆ. ಆ ದಿನ ನಾನು ಪೋರ್ತಿಕೊದ ಕಂಬಕ್ಕೆ ಒರಗಿ ಒಬ್ಬಳೇ ನಕ್ಕೆ. ಪರದೇಶಕ್ಕೆ ಬಂದ ಮೇಲೆ ನನ್ನಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು.

ಕ್ಯಾಮರಾದಲ್ಲಿ ನಾನು ನಿಜವಾಗಿ ಕಾಯುತ್ತಿದ್ದುದು ಅಪ್ಪನ ಸ್ಕೂಟರನ್ನು. ದಿನಾಲೂ ಅದೇ ಹೊತ್ತಿಗೆ ದೀಪ ಬರುತ್ತದೆ. ಅಪ್ಪ ನಿಲ್ಲಿಸುತ್ತಾರೆ, ಫೋನು ನೋಡುತ್ತಾರೆ, ಕೈಯೆತ್ತಿ ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಾರೆ, ಹೊರಡುತ್ತಾರೆ. ಅಷ್ಟಾದ ಮೇಲೆಯೇ ನನಗೆ ಇಲ್ಲಿನ ಕಾಫಿ ಗಂಟಲಲ್ಲಿ ಇಳಿಯುತ್ತಿದ್ದುದು. ಕಿಯಾರಾ ರೇಗುತ್ತಿದ್ದಳು. "ಭಾಷೆ ಕಲಿಯಬೇಕಾದರೆ ಜನರ ಮುಖ ನೋಡಬೇಕು, ನೀನು ನೋಡುವುದು ಖಾಲಿ ರಸ್ತೆ." ಅವಳ ಹಳ್ಳಿಗೂ ಕಾಡುಹಂದಿ ಬರುತ್ತವೆಯಂತೆ, ಹಾಗಾಗಿ ಆನೆಯ ಕತೆಗೆ ಅವಳು ನಗಲಿಲ್ಲ. ಸಹಪಾಠಿಗಳು ನಕ್ಕರು. ಮನೆಯ ದಾರಿಯಲ್ಲಿ ಆನೆ ಎಂದರೆ ಅವರಿಗೆ ಅದೊಂದು ಚಂದದ ಚಿತ್ರ, "ಎಷ್ಟು ಅದೃಷ್ಟವಂತೆ ನೀನು" ಎಂದರು. ಉತ್ತರ ಕೊಡುವಷ್ಟು ಇಟಾಲಿಯನ್ ನನ್ನಲ್ಲಿರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ. ತರಗತಿ ಮುಗಿಸಿ ಬಾರಿನ ಮುಂದಿನ ಪೋರ್ತಿಕೊದಲ್ಲಿ ನಿಂತಿದ್ದೆ. ಬಾರ್ ಎಂದರೆ ಇಲ್ಲಿ ನಿಂತುಕೊಂಡು ಕಾಫಿ ಕುಡಿಯುವ ಅಂಗಡಿ, ನಮ್ಮ ಕಡೆಯ ಬಾರ್ ಅಲ್ಲ. ಫೋನು ತೆರೆದೆ. ಹಲಸಿನ ಮರದ ಹಿಂದೆ ಬೂದು ಗೋಡೆಯೊಂದು ಕಂಡಿತು. ಅಲ್ಲಿ ಗೋಡೆ ಇಲ್ಲ ಎಂದು ನೆನಪಾಗುವಷ್ಟರಲ್ಲಿ ಗೋಡೆ ಕಿವಿ ಬೀಸಿತು.

ಗುಂಪಿಗೆ "ಆನೆ" ಎಂದು ಹಾಕಿದೆ. ಅಪ್ಪನಿಗೆ ಕರೆ ಮಾಡಿದೆ, ಸಂಪರ್ಕ ಸಿಗಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಮನೆಗೆ ಮಾಡಿದಾಗ ಅವ್ವ ಎತ್ತಿದರು. ನಮ್ಮ ಮನೆಮಾತು ಅರೆಭಾಷೆ, ಎಲ್ಲರಿಗೂ ತಿಳಿಯಲೆಂದು ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವ್ವಾ, ತಿರುವಿನಲ್ಲಿ ಆನೆ ಉಂಟು. ಅಪ್ಪ ಹೊರಟಾಯ್ತಾ?"

"ಅಯ್ಯೋ, ಈಗಷ್ಟೇ ಅಂಗಡಿಯಿಂದ ಮಾಡಿದ್ರು, ಹೊರಟೆ ಅಂತ. ದಾರಿಯಲ್ಲಿರ್ತಾರೆ."

"ಕುಶಾಲಣ್ಣಂಗೆ ಹೇಳಿ, ಪಟಾಕಿ ಹಿಡ್ಕೊಂಡು ಬರ್ಲಿ."

"ಹೇಳ್ತೇನೆ. ನೀನು ಅಪ್ಪಂಗೆ ಫೋನ್ ಮಾಡ್ತಾ ಇರು, ಆಯ್ತಾ?"

ಮಾಡುತ್ತಾ ಇದ್ದೆ. ಹಾಗೆ ಮಾಡುತ್ತಿರುವಾಗ ಬೆರಳು ತಟ್ಟನೆ ನಿಂತಿತು. ನಾನು ಮಾಡಿದ ಕರೆಗಳೆಲ್ಲ ಎಲ್ಲಿಗೆ ಹೋಗಿ ತಲುಪುತ್ತವೆ? ಅಪ್ಪನ ಫೋನು ಬಾಯಿ ಬಿಡುವುದು ಒಂದೇ ಜಾಗದಲ್ಲಿ. ಆನೆ ನಿಂತ ಜಾಗದಲ್ಲಿ. ದಿನದಂತೆ ಒಂದು ಗಳಿಗೆ ಮಾತ್ರ ನಿಂತಿದ್ದರೆ ಸ್ಕೂಟರ್ ಹೇಗೋ ತಿರುವು ದಾಟಿಹೋಗಬಹುದಿತ್ತು. ಮಗಳಿಂದ ಇಷ್ಟು ಕರೆ ಬಂದಿದೆ ಎಂದು ಕಂಡ ಯಾವ ಅಪ್ಪ ತಿರುಗಿ ಕರೆ ಮಾಡದೆ ಹೋಗುತ್ತಾನೆ? ಅಪ್ಪನಿಗೇ ಬೇರೆಯಾಗಿ ಬರೆದಿದ್ದ ಮೆಸೇಜನ್ನು ಅಳಿಸಿದೆ. ಕರೆಗಳನ್ನು ಅಳಿಸುವುದು ಹೇಗೆಂದು ಗೊತ್ತಾಗಲಿಲ್ಲ. ಅದಕ್ಕೆ ದಾರಿಯೇ ಇಲ್ಲ.

ದೀಪ ಬಂತು. ಹೋಗಿ ಅಪ್ಪ, ನಿಲ್ಲಬೇಡಿ, ಹೋಗಿ ಎಂದು ನಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಸ್ಕೂಟರ್ ನಿಂತಿತು. ಒಂದು ಕಾಲು ನೆಲಕ್ಕೆ ಬಂತು. ಅಪ್ಪ ಕ್ಯಾಮರಾದ ಕಡೆಗೆ ಮುಖ ಮಾಡಿ, ಬೆನ್ನನ್ನು ಹಲಸಿನ ಮರಕ್ಕೆ ಕೊಟ್ಟು, ಜೇಬಿನಿಂದ ಫೋನು ತೆಗೆದರು. ಅದರ ಬೆಳಕು ಅವರ ಗಲ್ಲಕ್ಕೆ ಬಿತ್ತು. ಆಗಲೇ ನನ್ನ ಫೋನು ಹೊಡೆದುಕೊಂಡಿತು. ಪರದೆಯ ಮೇಲಿಂದ ತಿರುವು ಮಾಯವಾಗಿ "ಅಪ್ಪ" ಎಂಬ ಹೆಸರು ತುಂಬಿಕೊಂಡಿತು.

"ಎಂತ ಗೂಡೆ, ಇಷ್ಟು ಸಲ ಮಾಡಿದ್ದು? ಹುಷಾರಿದ್ದಿಯಲ್ಲಾ?"

ಗೂಡೆ ಅಂದರೆ ಅರೆಭಾಷೆಯಲ್ಲಿ ಹುಡುಗಿ. ನನ್ನನ್ನು ಹಾಗೆ ಕರೆಯುವವರು ಅವರೊಬ್ಬರೇ.

"ಅಪ್ಪಾ, ಆನೆ. ಹಿಂದೆ."

ಏನೋ ಉರುಳಿದ ಸದ್ದು, ಒಡೆದ ಸದ್ದು. ಆಮೇಲೆ ಲೈನು ಸತ್ತಿತು. ಕ್ಯಾಮರಾಕ್ಕೆ ಮರಳಿದರೆ ಅಲ್ಲಿ ಚಿತ್ರವೇ ಇರಲಿಲ್ಲ. ಸಂಪರ್ಕ ಇಲ್ಲ ಎಂಬ ಬರಹದ ಮೇಲೆ ಒಂದು ಚಕ್ರ ತಿರುಗುತ್ತಾ ಇತ್ತು.

ಆಮೇಲಿನ ಹೊತ್ತನ್ನು ಹೇಗೆ ಬರೆಯಬೇಕೋ ತಿಳಿಯುವುದಿಲ್ಲ. ಊರಿನಲ್ಲಿ ಇದ್ದಿದ್ದರೆ ಓಡಬಹುದಿತ್ತು, ಬೊಬ್ಬೆ ಹೊಡೆಯಬಹುದಿತ್ತು, ತಗಡು ಬಡಿಯಬಹುದಿತ್ತು, ಏನಿಲ್ಲವೆಂದರೆ ಅವ್ವನ ಪಕ್ಕದಲ್ಲಿ ಕೂತು ಅಳಬಹುದಿತ್ತು. ಇಲ್ಲಿ ಬಿಸಿಲಿತ್ತು. ಜನ ಕೈಯಲ್ಲಿ ಹೂವು, ಬ್ರೆಡ್ಡು ಹಿಡಿದು ಹೋಗುತ್ತಿದ್ದರು. ನನ್ನ ಕಾಲು ಓಡಲು ತಯಾರಿತ್ತು, ಓಡಿದರೆ ಪೋರ್ತಿಕೊದ ಇನ್ನೊಂದು ತುದಿ ಸಿಗುತ್ತಿತ್ತು ಅಷ್ಟೇ. ಅವ್ವ ಎತ್ತಲಿಲ್ಲ. ಕುಶಾಲಣ್ಣ ಎತ್ತಲಿಲ್ಲ. ನಾನು ಕಂಬದ ಬುಡದಲ್ಲಿ ಕುಸಿದು ಕೂತೆ.

ಬಾರಿನ ಯಜಮಾನಿ ಹೊರಗೆ ಬಂದರು. ದಿನಾ ನನಗೆ ಕಾಫಿ ಕೊಡುವ, ನನ್ನ ಹೆಸರು ಕೇಳದ ಹೆಂಗಸು. ಏನಾಯಿತು ಎಂದು ಕೇಳಿದರು. ಕಲಿತ ಭಾಷೆಯೆಲ್ಲ ಮರೆತುಹೋಗಿತ್ತು. "ನನ್ನ ಅಪ್ಪ" ಎಂದೆ. "ಎಲೆಫಾಂತೆ" ಎಂದೆ. ಆಕೆಯ ಮುಖದಲ್ಲಿ ನಗು ಮೂಡಿತು, ತಮಾಷೆ ಇರಬೇಕು ಎಂದುಕೊಂಡಿರಬೇಕು. ನನ್ನ ಮುಖ ನೋಡಿ ಅದು ಇಳಿದುಹೋಯಿತು. ಒಳಗೆ ಹೋಗಿ ಲೋಟದಲ್ಲಿ ಸಕ್ಕರೆ ಕದಡಿದ ನೀರು ತಂದುಕೊಟ್ಟು, ಏಪ್ರನ್ ಸಮೇತ ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಬಿಸಿಲಿನಲ್ಲಿ ಸುಸ್ತಾಗಿ ಬಂದವರಿಗೆ ನಮ್ಮಲ್ಲಿ ನೀರಿನ ಜೊತೆ ಬೆಲ್ಲ ಕೊಡುತ್ತಾರೆ. ಅದು ನೆನಪಾಗಿ ಅಳು ಬಂದದ್ದು ನಿಲ್ಲಲಿಲ್ಲ. ಆಕೆಗೂ ಏನೂ ಅರ್ಥವಾಗಿರಲಿಲ್ಲ, ಆಕೆಯಿಂದಲೂ ಏನೂ ಆಗುವಂತಿರಲಿಲ್ಲ. ಗಿರಾಕಿಗಳು ಕರೆದರೂ ಏಳಲಿಲ್ಲ.

ಕೊನೆಗೆ ಕುಶಾಲಣ್ಣನ ಕರೆ ಬಂತು. ಅವರ ಹಿಂದೆ ಜೀಪಿನ ಸದ್ದಿತ್ತು.

"ಭವ್ಯಾ, ಜೀವಕ್ಕೆ ಎಂತ ತೊಂದರೆ ಇಲ್ಲ, ಮೊದಲು ಅದು ಕೇಳು. ಅಪ್ಪ ಕೆಳಗಿನ ರಬ್ಬರ್ ಗುಡ್ಡೆಗೆ ಹಾರಿದ್ದಾರೆ. ಕಾಲು ಮುರಿದ ಹಾಗೆ ಕಾಣ್ತದೆ. ಸುಳ್ಯಕ್ಕೆ ಕರ್ಕೊಂಡು ಹೋಗ್ತಾ ಇದ್ದೇವೆ. ಸ್ಕೂಟರ್ ಮಾತ್ರ ಕೇಳ್ಬೇಡ, ಚಪ್ಪಟೆ."

"ಫೋನ್ ಅವರಿಗೆ ಕೊಡಿ."

"ಈಗ ಆಗುದಿಲ್ಲ. ನೋವಲ್ಲಿದ್ದಾರೆ. ನೀನು ಉಂಡಿಯಾ ಕೇಳ್ತಿದ್ದಾರೆ."

ನಾನು ಊರಿಗೆ ಬರುತ್ತೇನೆ ಎಂದೆ. ಬಂದು ಎಂತ ಮಾಡುದು ಎಂದು ಎಲ್ಲರೂ ಕೇಳಿದರು. ಪರೀಕ್ಷೆ ಹತ್ತಿರವಿತ್ತು, ತಮ್ಮ ಪುತ್ತೂರಿನಿಂದ ಬಂದಿದ್ದ, ಆಪರೇಷನ್ ಆಗುತ್ತದೆ, ಪ್ಲೇಟು ಹಾಕುತ್ತಾರೆ. ಎಲ್ಲರಿಗೂ ಮಾಡಲು ಒಂದೊಂದು ಕೆಲಸವಿತ್ತು, ನನಗೆ ಮಾತ್ರ ಇರಲಿಲ್ಲ. ಕೋಣೆಗೆ ಹೋಗಿ ಮಲಗಿದೆ. ಮೇಲಿನ ಮಕ್ಕಳು ನೋಡುತ್ತಿದ್ದವು. ಬರೀ ನೋಡುತ್ತಲೇ ಇರುವ ಅವುಗಳ ಕಷ್ಟ ಏನೆಂದು ಆವತ್ತು ಗೊತ್ತಾಯಿತು. ಕಿಯಾರಾ ಅನ್ನ ಮಾಡಿ, ಅವಳ ಊರಿನ ಒಣಮೆಣಸು ಹುರಿದು ಹಾಕಿ ತಂದಿಟ್ಟಳು. ಅಂಟು ಅನ್ನ, ವಿಪರೀತ ಖಾರ, ಪೂರ್ತಿ ಉಂಡೆ.

ಊರಿನಲ್ಲಿ ನನ್ನ ಹೆಸರು ದೊಡ್ಡದಾಯಿತು. ಇಟಲಿಯಲ್ಲಿರುವ ಮಗಳು ಅಪ್ಪನ ಜೀವ ಉಳಿಸಿದಳಂತೆ ಎಂದು ಆಲಂಕಾರು ಊರಿನ ನೆಂಟರು ಕೂಡ ಫೋನು ಮಾಡಿದರು. ಒಂದೊಂದು ಹೊಗಳಿಕೆಯೂ ನನ್ನ ಎದೆಯನ್ನು ಕುಟುಕುತ್ತಿತ್ತು. ಹಾರಲು ಹೇಳಿದವಳು ನಾನು ನಿಜ, ಅಲ್ಲಿ ನಿಲ್ಲಿಸಿದವಳೂ ನಾನೇ. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದು, ವಿಡಿಯೋ ಕಾಲಿನಲ್ಲಿ ಕಾಲಿನ ಪಟ್ಟಿ ತೋರಿಸಿ ನಗಾಡಿದ ದಿನ ತಡೆಯಲಾಗದೆ ಹೇಳಿಬಿಟ್ಟೆ.

"ಅಪ್ಪಾ, ನಾನು ಅಷ್ಟು ಸಲ ಫೋನ್ ಮಾಡದಿದ್ರೆ ನೀವು ಅಲ್ಲಿ ಅಷ್ಟು ಹೊತ್ತು ನಿಲ್ತಿರಲಿಲ್ಲ."

"ಎಂತ ಮಾತಾಡ್ತಿ. ನಾನು ದಿನಾ ನಿಲ್ತೇನೆ."

"ಮೆಸೇಜ್ ನೋಡ್ಲಿಕ್ಕೆ?"

"ಮೆಸೇಜ್ ಮನೆಯಲ್ಲಿ ನೋಡ್ಲಿಕ್ಕಾಗುದಿಲ್ವಾ? ವೈಫೈ ಉಂಟಲ್ಲ." ಕಾಲನ್ನು ದಿಂಬಿನ ಮೇಲೆ ಸರಿಸಿಟ್ಟುಕೊಂಡರು. "ನೀನು ಆ ಹೊತ್ತಿಗೆ ನೋಡ್ತಿಯಲ್ಲ ಅಂತ ನಿಲ್ಲುದು. ಒಂದು ಕೈ ಎತ್ತಿ ಹೋಗುದು. ನಿಂಗೆ ಕಾಣ್ತಿರಲಿಲ್ವಾ?"

ಕಾಣುತ್ತಿತ್ತು. ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನೆಟ್‌ವರ್ಕ್ ಸರಿ ಇಲ್ಲ ಎಂದು ಸುಳ್ಳು ಹೇಳಿ ಫೋನು ಇಟ್ಟೆ. ಕರೆಗಳಿಗಾಗಿ ನಿಂತಿದ್ದರೆ ನನ್ನದು ಒಂದು ದಿನದ ತಪ್ಪಾಗುತ್ತಿತ್ತು. ಅವರು ನಿಲ್ಲುತ್ತಿದ್ದುದು ನಾನು ಇಲ್ಲಿ ಇದ್ದೇನೆ ಎಂಬುದಕ್ಕಾಗಿ, ಅದನ್ನು ನಾನು ಹೇಗೆ ತಿದ್ದಲಿ?

ಈಗ ತಿರುವಿನಲ್ಲಿ ಆನೆ ಉರುಳಿಸಿದ ಪೈಪಿನ ಬದಲು ಹೊಸ ಕಂಬ ಬಂದಿದೆ. ಕ್ಯಾಮರಾವೂ ಹೊಸತು, ಅದರ ಮುಂದೆ ಏನು ಅಲುಗಿದರೂ ರಸ್ತೆಯ ಎರಡೂ ಕಡೆ ದೂರದಿಂದಲೇ ಕೆಂಪು ದೀಪ ಹತ್ತುತ್ತದೆ. ಯಾರೂ ಯಾರಿಗೂ ಫೋನು ಮಾಡಬೇಕಾಗಿಲ್ಲ. "ಇನ್ನು ನೀನು ಆರಾಮ ಓದು ಮಾರಾಯ್ತಿ" ಎಂದರು ಕುಶಾಲಣ್ಣ. ನಾನು ಊರಿನ ಕೆಲಸದಿಂದ ನಿವೃತ್ತಳಾದೆ ಎಂದು ಕಿಯಾರಾ ಸಂಭ್ರಮಪಟ್ಟು ತನ್ನ ಗೆಳತಿಯರ ಮನೆಗೆ ಊಟಕ್ಕೆ ಕರೆದೊಯ್ದಳು. ಹೊಸಿಲಿನಲ್ಲಿ ನಾನು ಯೋಚಿಸದೆಯೇ "ಪೆರ್ಮೆಸ್ಸೊ" ಎಂದೆ, ಅವಳ ಗೆಳತಿಯರು ಒಳಗೆ ಎಳೆದುಕೊಂಡರು. ಬಾರಿನ ಯಜಮಾನಿಗೆ ಈಗ ನನ್ನ ಹೆಸರು ಗೊತ್ತು, ದಿನಾ ಅಪ್ಪನ ಕಾಲು ಹೇಗಿದೆ ಎಂದು ಕೇಳುತ್ತಾರೆ. ಊರಿಗೆ ನಾನು ಬೇಡವಾಗುತ್ತಾ, ಈ ಊರಿಗೆ ಪರಿಚಯವಾಗುತ್ತಾ ಇದ್ದೇನೆ. ಖುಷಿ ಪಡಬೇಕು, ಎದೆ ಮಾತ್ರ ಒಪ್ಪುವುದಿಲ್ಲ.

ಕ್ಯಾಮರಾದ ಪಾಸ್‌ವರ್ಡ್ ನನಗೆ ಕೊಡಬೇಡಿ ಎಂದು ನಾನೇ ಹೇಳಿದ್ದೆ. ಅಪ್ಪ ನನ್ನ ಮಾತು ಕೇಳದೆ ಕಳಿಸಿದರು. ಕೋಲೂರಿ ನಡೆಯುವ ಅವರು ಈಗ ಅಂಗಡಿಯಿಂದ ಕುಶಾಲಣ್ಣನ ಜೀಪಿನಲ್ಲಿ ಬರುತ್ತಾರೆ. ತಿರುವಿನಲ್ಲಿ ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂದು ನಾನು ಕುಶಾಲಣ್ಣನಿಂದ ಮಾತು ತೆಗೆದುಕೊಂಡಿದ್ದೇನೆ.

ನಿನ್ನೆ ಮಧ್ಯಾಹ್ನ ಅದೇ ಕಂಬಕ್ಕೆ ಒರಗಿ ಫೋನು ತೆರೆದೆ. ಹುಳುಗಳು ಬಂದು ಬಡಿಯುತ್ತಿದ್ದವು. ಹಲಸಿನ ಮರದ ಹಿಂದೆ ಏನೂ ಇರಲಿಲ್ಲ. ಜೀಪಿನ ದೀಪ ಬಂತು, ಕುಶಾಲಣ್ಣ ಮಾತಿಗೆ ತಪ್ಪದೆ ನಿಲ್ಲಿಸಲಿಲ್ಲ. ಎಡಬದಿಯ ಕಿಟಕಿಯಿಂದ ಒಂದು ಕೈ ಮೊಣಕೈವರೆಗೆ ಹೊರಗೆ ಬಂದು ಮೇಲಕ್ಕೆದ್ದಿತು, ಜೀಪು ತಿರುಗಿ ಮರೆಯಾಗುವ ತನಕ ಹಾಗೇ ಇತ್ತು. ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ನಾನು ಕೈ ಎತ್ತಿದೆ. ರಸ್ತೆಯಾಚೆಯ ಪೋರ್ತಿಕೊದಲ್ಲಿ ನಾಯಿಯೊಂದಿಗೆ ಹೋಗುತ್ತಿದ್ದ ಅಜ್ಜ ನಿಂತರು. ತನಗೇ ಎತ್ತಿದ ಕೈ ಎಂದುಕೊಂಡು ಟೋಪಿ ಮುಟ್ಟಿ "ಬುವೊನಾಸೆರಾ" ಎಂದರು. ನಾನು ಕೈ ಇಳಿಸದೆ ಅವರಿಗೂ "ಬುವೊನಾಸೆರಾ" ಎಂದೆ.